ಟೋಲ್‌ಗೇಟ್ ಇಳಿಯೋರು ಮುಂದೆ ಬನ್ನಿ

ಮಾಗಡಿ ರಸ್ತೆಯ ಆಸುಪಾಸಿನಲ್ಲಿ ಮನೆ ಮಾಡಿಕೊಂಡಿರುವ ನನ್ನ ನೆಂಟರಿಷ್ಟರಲ್ಲಿ ಮಾಗಡಿಯನ್ನು ಕಂಡವರು ಕಡಿಮೆ. ತಿರುಪತಿಗೆ ಹೋಗಿದ್ದಾರೆ, ಕಾಶಿಗೆ ಹೋಗಿದ್ದಾರೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಚಳಿಯಲ್ಲಿ ನಡುಗಿ ಬಂದಿದ್ದಾರೆ. ಸುಮಾರು ಐವತ್ತು ಕಿಲೋಮೀಟರ್ ಆಚೆಗಿರುವ ಮಾಗಡಿಗೆ ಮಾತ್ರ ಹೋಗಿಲ್ಲ. ಯಾಕೆ ಎಂದರೆ, ‘ಅಲ್ಲೇನಿದೆ?’ ಎನ್ನುತ್ತಾರೆ. ಮಗರಾಯ ಬೆಂಗಳೂರಿನಲ್ಲಿ ಮನೆ ಕಟ್ಟಿಸಿ, ಬಾಗಿಲ ಮೇಲೆ ‘ಮಾತೃಕೃಪಾ’ ಎಂದು ಕೆತ್ತಿಸಿ, ಅಮ್ಮನನ್ನು ಹಳ್ಳಿಯಲ್ಲೇ ಬಿಟ್ಟ ಹಾಗಿದೆ ಈ ರಸ್ತೆಗೂ ಅದರ ಊರಿಗೂ ಇರುವ ನಂಟು.

‘ಅಲ್ಲೇನಿದೆ?’ ಎನ್ನುವ ಇದೇ ಜನ ಚಳಿಗಾಲ ಕಾಲಿಟ್ಟ ಕೂಡಲೆ ತಳ್ಳುಗಾಡಿಯ ಮುಂದೆ ನಿಂತು ಅವರೆಕಾಯಿಯನ್ನು ಮೂಗಿಗೆ ಹಿಡಿಯುತ್ತಾರೆ. ‘ಮಾಗಡಿ ಅವರೆ ಕಣಮ್ಮ, ಸೊಗಡು ನೋಡಿ’ ಎಂದು ಗಾಡಿಯವನು ಹೇಳಿದರೆ ಸಾಲದು. ನಮ್ಮಾಕೆ ಸಿಪ್ಪೆಯನ್ನು ಉಗುರಿನಿಂದ ಗೀರಿ, ಮೂಸಿ, ಅರೆಗಳಿಗೆ ಕಣ್ಣು ಮುಚ್ಚಿ, ‘ಇದು ಮಾಗಡಿಯದಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ಊರನ್ನೇ ನೋಡದವಳಿಗೆ ಆ ಊರಿನ ವಾಸನೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ನನಗಿಲ್ಲ. ಸಂಜೆ ಹಿತಕಿದಬೇಳೆ ಸಾರು ಬೇಕಲ್ಲ!

ಬೆಂಗಳೂರಿನ ಹಳೆಯ ರಸ್ತೆಗಳಿಗೆ ದೊಡ್ಡವರ ಹೆಸರಿಡುವ ಪದ್ಧತಿ ಇರಲಿಲ್ಲ. ಮೈಸೂರು ರಸ್ತೆ, ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಹೊಸೂರು ರಸ್ತೆ, ಕನಕಪುರ ರಸ್ತೆ. ಎಲ್ಲಿಗೆ ಹೋಗುತ್ತದೋ ಅದೇ ಹೆಸರು. ಅದಕ್ಕೂ ಹಿಂದೆ ಪೇಟೆಯ ಕೋಟೆಬಾಗಿಲುಗಳಿಗೂ ಇದೇ ಲೆಕ್ಕ: ಮೂಡಲಿಗೆ ಹಲಸೂರು ಬಾಗಿಲು, ಬಡಗಲಿಗೆ ಯಲಹಂಕ ಬಾಗಿಲು, ತೆಂಕಲಿಗೆ ಆನೇಕಲ್ಲು ಬಾಗಿಲು, ಪಡುವಲಿಗೆ ಸೊಂಡೇಕೊಪ್ಪದ ಬಾಗಿಲು. ಊರಿನ ಹೆಸರಿಟ್ಟರೆ ಎರಡು ಲಾಭ. ಯಾರ ಹೆಸರಿಡಬೇಕು ಎಂಬ ಜಗಳ ಹುಟ್ಟುವುದಿಲ್ಲ, ಹಾದಿಹೋಕರಿಗೆ ಮೋಸವೂ ಆಗುವುದಿಲ್ಲ. ರಾಜಾಜಿನಗರದಲ್ಲಿ ಎಷ್ಟು ಹುಡುಕಿದರೂ ರಾಜಾಜಿಯವರ ಮನೆ ಸಿಗದು. ಡಾ. ರಾಜ್‌ಕುಮಾರ್ ರಸ್ತೆಯನ್ನು ತುದಿ ಮುಟ್ಟಿಸಿದರೂ ಅಣ್ಣಾವ್ರು ಎದುರಾಗುವುದಿಲ್ಲ. ಬಸವೇಶ್ವರನಗರದಲ್ಲಿ ಕಾಯಕದ ಮಾತು ಬಂದರೆ ಅದು ಸಾಮಾನ್ಯವಾಗಿ ಸಾಫ್ಟ್‌ವೇರಿನದು. ಮಾಗಡಿ ರಸ್ತೆ ಹಿಡಿದು ಹೋದವನಿಗೆ ಮಾತ್ರ, ತಾಳ್ಮೆ ಮತ್ತು ಪೆಟ್ರೋಲು ಇದ್ದರೆ, ಮಾಗಡಿ ಸಿಕ್ಕೇ ಸಿಗುತ್ತದೆ.

ನಮ್ಮ ಎದುರುಮನೆಯ ಯಜಮಾನರು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಕೆಲಸಕ್ಕೆ ಸೇರಿದಾಗ ಅದು ಬಿ.ಟಿ.ಎಸ್.; 1997ರಲ್ಲಿ ಬಿ.ಎಂ.ಟಿ.ಸಿ. ಆಯಿತು. ‘ಹೆಸರು ಬದಲಾಯ್ತು ಸ್ವಾಮಿ, ಚಿಲ್ಲರೆ ಸಮಸ್ಯೆ ಬದಲಾಗಲಿಲ್ಲ’ ಎನ್ನುವುದು ಅವರ ಸೇವಾವಧಿಯ ಸಾರಾಂಶ. ಈ ರಸ್ತೆಯ ಇತಿಹಾಸವನ್ನು ಅವರಷ್ಟು ಚೊಕ್ಕವಾಗಿ ಹೇಳುವ ಪಂಡಿತರನ್ನು ನಾನು ಕಂಡಿಲ್ಲ. ಅವರಿಗೆ ಇಸವಿ ಬೇಡ, ಶಾಸನ ಬೇಡ. ಸ್ಟಾಪುಗಳ ಹೆಸರು ಸಾಕು. ‘ಬಿನ್ನಿ ಮಿಲ್, ಮಿನರ್ವ ಮಿಲ್, ಪ್ರಸನ್ನ ಟಾಕೀಸು, ಟೋಲ್‌ಗೇಟ್, ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ’ ಎಂದು ಒಂದೇ ಉಸಿರಿನಲ್ಲಿ ಕೂಗಿ ತೋರಿಸುತ್ತಾರೆ. ‘ಇದರಲ್ಲಿ ಈಗ ಇರೋದು ಎಷ್ಟು, ಇಲ್ಲದ್ದು ಎಷ್ಟು ಲೆಕ್ಕ ಹಾಕಿ’ ಎಂದು ನನಗೇ ಪರೀಕ್ಷೆ ಒಡ್ಡುತ್ತಾರೆ.

ರಸ್ತೆ ಹುಟ್ಟುವುದು ಸಿಟಿ ರೈಲ್ವೆ ನಿಲ್ದಾಣದ ಬೆನ್ನಿಗೆ. ಮುಖದ ಕಡೆ ಮೆಜೆಸ್ಟಿಕ್ಕಿನ ದೀಪ, ಲಾಡ್ಜು, ಸಿನಿಮಾ ಕಟೌಟು. ಬೆನ್ನಿನ ಕಡೆ ಮಿಲ್ಲು, ಗೂಡ್ಸ್‌ಶೆಡ್ಡು, ರೈಲ್ವೆ ಕ್ವಾರ್ಟರ್ಸು. ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದನೆಯ ಹೆಸರಿನ ಕಾರ್ಖಾನೆ 1884ರಲ್ಲಿ ಶುರುವಾಗಿ, ಸ್ವಲ್ಪದರಲ್ಲೇ ಬಿನ್ನಿ ಕಂಪನಿಯ ಕೈಸೇರಿತು. ಉದ್ದನೆಯ ಹೆಸರು ಹೇಳಲು ಯಾರಿಗೆ ಪುರುಸೊತ್ತು? ಜನ ‘ಬಿನ್ನಿ ಮಿಲ್’ ಎಂದರು, ಅದರ ಸುತ್ತ ಬೆಳೆದ ಪೇಟೆಗೆ ‘ಬಿನ್ನಿಪೇಟೆ’ ಎಂದರು. ಒಬ್ಬ ಆಂಗ್ಲ ವ್ಯಾಪಾರಿಯ ಮನೆತನದ ಹೆಸರು ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಸಾಲಿನಲ್ಲಿ ಒಂದಿಷ್ಟೂ ಮುಜುಗರವಿಲ್ಲದೆ ಕೂತುಬಿಟ್ಟಿತು. ಮಿಲ್ಲಿನ ಕೂಗು ಕೇಳಿ ಒಲೆ ಹಚ್ಚುವ, ಕೂಗು ಕೇಳಿ ಮಕ್ಕಳನ್ನು ಎಬ್ಬಿಸುವ ಮನೆಗಳು ಸುತ್ತಲೂ ಇದ್ದವು. ಗಡಿಯಾರ ಕೊಳ್ಳಲಾರದವರ ಗಡಿಯಾರ ಅದು. ಈಗ ಆ ಜಾಗದಲ್ಲಿ ಎತ್ತರದ ವಸತಿ ಸಮುಚ್ಚಯಗಳಿವೆ, ಮಾಲ್ ಇದೆ. ಮೊಬೈಲಿನ ಅಲಾರಂ ಒಬ್ಬೊಬ್ಬರನ್ನೂ ಬೇರೆಬೇರೆ ಹೊತ್ತಿಗೆ ಏಳಿಸುತ್ತದೆ. ಇಡೀ ಬೀದಿ ಒಟ್ಟಿಗೆ ಏಳುವ ಕಾಲ ಹೋಯಿತು.

ಮಿನರ್ವ ಮಿಲ್ಲಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಗೋಪಾಲಪುರದ ಈ ಬಟ್ಟೆ ಗಿರಣಿಯ ಆಡಳಿತವನ್ನು 1971ರಲ್ಲಿ ಕೇಂದ್ರ ಸರಕಾರ ವಹಿಸಿಕೊಂಡಿತು. 1974ರ ಕಾಯ್ದೆ ಅದನ್ನು ರಾಷ್ಟ್ರೀಕರಣ ಮಾಡಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ನಾನಿ ಪಾಲ್ಖಿವಾಲರು ವಾದಿಸಿದರು. ವಾದ ನಡೆಯುತ್ತ ನಡೆಯುತ್ತ ನೂಲು, ಮಗ್ಗ, ಗೋಪಾಲಪುರ ಎಲ್ಲವೂ ಹಿಂದೆ ಸರಿದವು. ತುರ್ತುಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿಯೇ ಕಟಕಟೆಗೆ ಬಂತು. ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಇದೆ, ಆದರೆ ಅದಕ್ಕೊಂದು ಮೇರೆ ಇದೆ ಎಂದು 1980ರಲ್ಲಿ ತೀರ್ಪು ಬಂತು. ದೇಶದಲ್ಲಿ ಕಾನೂನು ಓದುವವರೆಲ್ಲ ಇವತ್ತಿಗೂ ‘ಮಿನರ್ವ ಮಿಲ್ಸ್’ ಎಂದು ಬಾಯಿಪಾಠ ಮಾಡುತ್ತಾರೆ. ಕಾನೂನು ಓದುತ್ತಿರುವ ನಮ್ಮ ಬೀದಿಯ ಹುಡುಗಿಯೊಬ್ಬಳು ಈ ಪಾಠ ಓದಿ ಪರೀಕ್ಷೆಯನ್ನೂ ಬರೆದಾದ ಮೇಲೆ ಒಂದು ದಿನ ಬಂದು, ‘ಅಂಕಲ್, ಆ ಮಿನರ್ವ ಈ ಮಿನರ್ವಾನಾ?’ ಎಂದು ಕೇಳಿದಳು. ಹೌದಮ್ಮ, ಅದೇ ಇದು. ಸಂವಿಧಾನದ ಮೂಲ ಸ್ವರೂಪ ಉಳಿಯಿತು, ಮಿಲ್ಲು ಮುಚ್ಚಿತು. ಮುಚ್ಚಿದ ಮೇಲೆ ಅದರ ಅಂಗಳಕ್ಕೆ ಸಿನಿಮಾದವರು ಬಂದರು. ಕನ್ನಡ ಚಿತ್ರರಂಗದಲ್ಲಿ ‘ಮಿನರ್ವ ಮಿಲ್ಲಲ್ಲಿ ಸೆಟ್ಟು’ ಎಂದರೆ ಎಲ್ಲರಿಗೂ ಗೊತ್ತು. ಒಂದು ವಾರ ಅಲ್ಲಿ ಜೈಲು ಎದ್ದಿರುತ್ತದೆ, ಮುಂದಿನ ವಾರ ಮದುವೆ ಮನೆ. ನಿಜವಾದ ನ್ಯಾಯಾಲಯದಲ್ಲಿ ಹೆಸರು ಮಾಡಿದ ಗಿರಣಿಯಲ್ಲಿ ಸುಳ್ಳು ನ್ಯಾಯಾಲಯಗಳು ಎಷ್ಟು ಏಳುತ್ತವೋ, ಎಷ್ಟು ನಾಯಕರು ನಿರಪರಾಧಿಗಳೆಂದು ಬಿಡುಗಡೆಯಾಗುತ್ತಾರೋ!

ಮಿಲ್ಲು ಇದ್ದ ಕಡೆ ಟಾಕೀಸು ಇರಲೇಬೇಕು. ದಿನವಿಡೀ ಮಗ್ಗದ ಸದ್ದು ಕೇಳಿದ ಕಿವಿಗೆ ಸಂಜೆ ಬೇರೆ ಸದ್ದು ಬೇಕು. ಪ್ರಸನ್ನ, ಅಂಜನ್, ವೀರೇಶ್ ಎಂದು ಈ ರಸ್ತೆಯುದ್ದಕ್ಕೂ ಚಿತ್ರಮಂದಿರಗಳು. ಹೆಣ್ಣು ನೋಡಲು ಬರುವವರಿಗೆ ‘ಪ್ರಸನ್ನ ಟಾಕೀಸಿನ ಎದುರು ಗಲ್ಲಿ’ ಎಂದು ವಿಳಾಸ ಹೇಳುತ್ತಿದ್ದರು. ಯಾವ ಸಿನಿಮಾ ಓಡುತ್ತಿತ್ತು ಎಂಬುದು ಗಂಡಹೆಂಡಿರಿಗೆ ಇವತ್ತಿಗೂ ನೆನಪಿದೆ, ಏನು ಮಾತಾಡಿದರು ಎಂಬುದು ಮರೆತಿದೆ.

ಈಗ ಟೋಲ್‌ಗೇಟಿಗೆ ಬರೋಣ. ಕಾರ್ಡ್ ರಸ್ತೆ ಮಾಗಡಿ ರಸ್ತೆಯನ್ನು ಕತ್ತರಿಸುವ ಈ ಜಾಗದಲ್ಲಿ ಟೋಲೂ ಇಲ್ಲ, ಗೇಟೂ ಇಲ್ಲ. ಊರಿನ ಗಡಿ ಇಲ್ಲಿಗೆ ಮುಗಿಯುತ್ತಿದ್ದ ಕಾಲದಲ್ಲಿ ಒಳಗೆ ಬರುವ ಗಾಡಿಗಳು ನಿಂತು ಸುಂಕ ತೆತ್ತು ಮುಂದೆ ಹೋಗಬೇಕಾಗಿತ್ತು. ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ 1979ರಲ್ಲಿ ರದ್ದು ಮಾಡಿತು. ಜನ ಮಾತ್ರ ಟೋಲ್‌ಗೇಟನ್ನು ರದ್ದು ಮಾಡಲಿಲ್ಲ. ಯಜಮಾನರು ಕಂಡಕ್ಟರಾಗಿದ್ದಷ್ಟು ಕಾಲವೂ ‘ಟೋಲ್‌ಗೇಟ್ ಇಳಿಯೋರು ಮುಂದೆ ಬನ್ನಿ’ ಎಂದು ಕೂಗಿದರು, ಇಳಿಯುವವರು ಮುಂದೆ ಬಂದರು. ಇಲ್ಲದ ಗೇಟಿನ ಮುಂದೆ ಈಗಲೂ ಎಲ್ಲರೂ ನಿಲ್ಲುತ್ತೇವೆ. ಸಿಗ್ನಲ್ಲು ಮೂರು ಸಲ ಹಸಿರಾದರೂ ದಾಟಲಾಗದೆ ನಿಂತವರನ್ನು ಕಂಡರೆ, ಸುಂಕವನ್ನು ಕಾಸಿನ ಬದಲು ಹೊತ್ತಿನಲ್ಲಿ ವಸೂಲು ಮಾಡುತ್ತಿದ್ದಾರೆ ಎನಿಸುತ್ತದೆ. ಕಾಸಾದರೆ ರಸೀದಿಯಾದರೂ ಸಿಗುತ್ತಿತ್ತು.

ಹಾಗೆ ಮುಂದೆ ಹೋದರೆ ಸುಂಕದಕಟ್ಟೆ. ಹೆಸರೇ ಹೇಳುವಂತೆ ಅಲ್ಲೂ ವಸೂಲಿಯೇ ಕಸುಬು, ಅದೂ ಈಗಿಲ್ಲ. ಅಲ್ಲಿಂದ ಅಂಜನಾನಗರ, ಬ್ಯಾಡರಹಳ್ಳಿ ದಾಟಿದರೆ ನೈಸ್ ರಸ್ತೆ ಅಡ್ಡ ಬರುತ್ತದೆ. ಅಲ್ಲಿ ಮಾತ್ರ ನಿಜವಾದ ಗೇಟು ಇದೆ, ನಿಜವಾದ ಟೋಲು ಇದೆ, ಫಾಸ್ಟ್ಯಾಗ್ ಓದದಿದ್ದರೆ ನಿಜವಾದ ಜಗಳವೂ ಇದೆ. ಬೆಂಗಳೂರು ಎಷ್ಟು ಬೆಳೆಯಿತು ಎಂದು ತಿಳಿಯಲು ಜನಗಣತಿ ನೋಡಬೇಕಾಗಿಲ್ಲ. ಈ ಒಂದೇ ರಸ್ತೆಯಲ್ಲಿ ಸುಂಕ ವಸೂಲಿ ಎಲ್ಲಿಂದ ಎಲ್ಲಿಗೆ ಜರುಗಿತು ಎಂದು ನೋಡಿದರೆ ಸಾಕು.

ಟೋಲ್‌ಗೇಟಿನ ಎಡಕ್ಕೆ ವಿಜಯನಗರ. ಅದರೊಳಗೆ ಹಂಪಿನಗರ. ಹೆಸರಿಟ್ಟವರಿಗೆ ಇತಿಹಾಸದ ಮೇಲೆ ಅಭಿಮಾನವಿತ್ತು. ಒಂದು ತಮಾಷೆಯೂ ಅವರಿಗೆ ತಿಳಿಯದೆ ನಡೆದುಹೋಯಿತು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ವಿಜಯನಗರದ ಸಾಮಂತರು. ಅಪ್ಪಣೆ ಇಲ್ಲದೆ ತಮ್ಮದೇ ನಾಣ್ಯ ಟಂಕಿಸಿದರು ಎಂದು ಅರಸರು ಸಿಟ್ಟಾಗಿ ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟಿದ್ದರು ಎನ್ನುತ್ತದೆ ಕಥೆ. ಈಗ ಆ ಸಾಮಂತನ ಊರಿನೊಳಗೆ ಸಾಮ್ರಾಜ್ಯಕ್ಕೆ ಸಾಮ್ರಾಜ್ಯವೇ ಒಂದು ಬಡಾವಣೆಯಾಗಿ, ರಾಜಧಾನಿ ಅದರೊಳಗಿನ ಇನ್ನೊಂದು ಬಡಾವಣೆಯಾಗಿ ಸೇರಿಕೊಂಡಿದೆ. ವಿಜಯನಗರದವರು ದಿನಾ ಬೆಳಗ್ಗೆ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಹೋಗಿ ಸಂಜೆ ಸುಸ್ತಾಗಿ ಮರಳುತ್ತಾರೆ. ಗೌಡರ ಐದು ವರ್ಷದ ಸೆರೆವಾಸಕ್ಕೆ ಟೋಲ್‌ಗೇಟಿನ ಸಿಗ್ನಲ್ಲಿನಲ್ಲಿ ಕಂತುಕಂತಾಗಿ ಲೆಕ್ಕ ಚುಕ್ತಾ ಆಗುತ್ತಿದೆ.

ಇಷ್ಟು ಹೇಳಿದ ಮೇಲೆ ಯಜಮಾನರ ಒಂದು ಪ್ರಶ್ನೆಯನ್ನೂ ಹೇಳಬೇಕು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುವಾಗ ಅವರೆಂದರು: ‘ಸ್ವಾಮಿ, ಟಿಕೆಟ್ ಹರಿಯೋನು ನಾನು, ಎರಡೂ ಕಡೆ ಹರಿದಿದ್ದೀನಿ. ಊರೊಳಕ್ಕೆ ಬರೋ ಬಸ್ಸಲ್ಲಿ ತರಕಾರಿ ಮೂಟೆ, ಹಾಲಿನ ಕ್ಯಾನು, ಅವರೆಕಾಯಿ. ಊರಾಚೆ ಹೋಗೋ ಬಸ್ಸಲ್ಲಿ ಏನು ಹೇಳಿ?’ ನನಗೆ ತೋಚಲಿಲ್ಲ. ‘ಖಾಲಿ ಚೀಲ’ ಎಂದರು.

ಖಾಲಿ ಚೀಲವಷ್ಟೇ ಆಗಿದ್ದರೆ ಚೆನ್ನಾಗಿತ್ತು. ಊರು ತನಗೆ ಬೇಡವೆನಿಸಿದ್ದನ್ನೆಲ್ಲ ಈ ರಸ್ತೆಯ ಮೇಲೇ ಆಚೆಗೆ ಸಾಗಿಸಿದೆ. ಮೊದಲು ಬಂತು ಕುಷ್ಠರೋಗದ ಆಸ್ಪತ್ರೆ. ಮಾಗಡಿ ರಸ್ತೆಯಲ್ಲಿ ಅದನ್ನು ಇಟ್ಟಾಗ ಅದು ಊರಿನ ಅಂಚು. ಊರು ಅಂಚನ್ನು ದಾಟಿಬಂದಾಗ 1970ರ ದಶಕದ ಕೊನೆಗೆ ಇನ್ನೂ ಆಚೆ ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರ ಹುಟ್ಟಿತು. ಅದರ ಪಕ್ಕದಲ್ಲೇ ಭಿಕ್ಷುಕರ ಕಾಲೋನಿ. ಸರಕಾರಿ ಭಾಷೆಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ. ಮೈಸೂರು ಸಂಸ್ಥಾನ 1944ರಲ್ಲೇ ಭಿಕ್ಷಾಟನೆಯನ್ನು ನಿಷೇಧಿಸುವ ಕಾಯ್ದೆ ಮಾಡಿತ್ತು, ಕರ್ನಾಟಕ 1975ರಲ್ಲಿ ಇನ್ನೊಂದನ್ನು ಮಾಡಿತು. ಇದರ ಖರ್ಚಿಗೆಂದು ಮನೆ ಕಂದಾಯದ ಮೇಲೆ ಶೇಕಡ 3ರ ಉಪಕರವಿದೆ. ಬಾಗಿಲಿಗೆ ಬಂದವನಿಗೆ ‘ಮುಂದೆ ಹೋಗಪ್ಪ’ ಎನ್ನುವ ನಾವೆಲ್ಲ ವರ್ಷಕ್ಕೊಮ್ಮೆ ನಮಗೇ ಗೊತ್ತಿಲ್ಲದೆ ಭಿಕ್ಷೆ ಹಾಕುತ್ತಿದ್ದೇವೆ. ಪುಣ್ಯವೂ ಹೀಗೇ ಗೊತ್ತಿಲ್ಲದೆ ಬರುತ್ತದೋ ಏನೋ, ರಸೀದಿಯಲ್ಲಿ ಅದನ್ನು ನಮೂದಿಸಿಲ್ಲ.

ಸುಮನಹಳ್ಳಿ ಎಂದರೆ ಮುಖ ತಿರುಗಿಸುತ್ತಿದ್ದ ಕಾಲವೊಂದಿತ್ತು. ಸಂಬಂಧ ನೋಡುವಾಗ ‘ಮನೆ ಸುಮನಹಳ್ಳಿ ಕಡೆ’ ಎಂದು ಹೇಳಲು ಹಿಂದುಮುಂದು ನೋಡುತ್ತಿದ್ದರು. ಹೊರವರ್ತುಲ ರಸ್ತೆ ಬಂತು, ಮೇಲ್ಸೇತುವೆ ಬಂತು. ಈಗ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ‘ಸುಮನಹಳ್ಳಿಗೆ ಐದೇ ನಿಮಿಷ’ ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಆ ಮೇಲ್ಸೇತುವೆಯಲ್ಲಿ 2019ರಲ್ಲಿ ಒಂದು ತೂತು ಬಿತ್ತು. ರಸ್ತೆಯಲ್ಲಿ ಗುಂಡಿ ಬೀಳುವುದು ನಮಗೆ ಹೊಸದಲ್ಲ, ಆದರೆ ಇದರಲ್ಲಿ ಬಗ್ಗಿ ನೋಡಿದರೆ ಕೆಳಗಿನ ನೆಲ ಕಾಣುತ್ತಿತ್ತು. ಅದನ್ನು ಮುಚ್ಚಿ ಮೂರು ವರ್ಷವಾಗುವಷ್ಟರಲ್ಲಿ ಮತ್ತೆ ಬಿತ್ತು. ‘ನೋಡಿದಿರಾ, ಮೇಲಿದ್ದೋರಿಗೂ ಕೆಳಗಿನೋರು ಕಾಣ್ಲಿ ಅಂತ ಕಟ್ಟಿದಾರೆ’ ಎಂದರು ಯಜಮಾನರು. ಅವರು ತಮಾಷೆಗೆ ಹೇಳಿದರೋ ವೇದಾಂತ ಹೇಳಿದರೋ ನನಗೆ ತಿಳಿಯಲಿಲ್ಲ.

ಈಗ ಕುಷ್ಠರೋಗಿಗಳನ್ನೂ ಭಿಕ್ಷುಕರನ್ನೂ ಆಚೆಗೆ ಕಳಿಸಲು ಜಾಗವಿಲ್ಲ, ಆಚೆಯೂ ಊರೇ. ಉಳಿದದ್ದು ಕಸ. ಕನ್ನಹಳ್ಳಿ, ಸೀಗೆಹಳ್ಳಿಗಳಲ್ಲಿ ಕಸ ಸಂಸ್ಕರಣೆಯ ಘಟಕಗಳು ಎದ್ದಿವೆ, ಲಾರಿಗಳು ಇದೇ ದಾರಿಯಲ್ಲಿ ಹೋಗುತ್ತವೆ. ಅವರೆಕಾಯಿ ಒಳಗೆ ಬರುವ ದಾರಿಯಲ್ಲೇ ಅವರೆಕಾಯಿಯ ಸಿಪ್ಪೆ ಆಚೆಗೆ ಹೋಗುತ್ತದೆ.

ಈ ದಿಕ್ಕಿನಿಂದ ಊರಿಗೆ ಬರುತ್ತಿದ್ದ ನೀರಿನ ಕಥೆಯೂ ಇದೇ. ಅರ್ಕಾವತಿ ಮತ್ತು ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರ 1933ರಿಂದ ಬೆಂಗಳೂರಿನ ಬಾಯಾರಿಕೆ ತಣಿಸಿತು. 1974ರಲ್ಲಿ ಕಾವೇರಿ ಬರುವ ತನಕ ಊರು ಹೆಚ್ಚಾಗಿ ನೆಚ್ಚಿಕೊಂಡದ್ದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನೇ. ಪಶ್ಚಿಮ ಬಡಾವಣೆಗಳ ಹಳಬರು ಈಗಲೂ ‘ಟಿ.ಜಿ. ಹಳ್ಳಿ ನೀರು’ ಎಂದು ರುಚಿಯನ್ನು ನೆನೆಯುತ್ತಾರೆ. ಅರ್ಕಾವತಿಯ ಮೇಲ್ದಂಡೆಯಲ್ಲಿ ಊರು ಬೆಳೆಯಿತು, ಕಾರ್ಖಾನೆ ಬೆಳೆದವು, ಹೊಳೆ ಸೊರಗಿತು, ಉಳಿದ ನೀರಿಗೆ ಕೊಳಚೆ ಸೇರಿತು. ಕಳ‍ೆದ ದಶಕದಲ್ಲಿ ಅಲ್ಲಿಂದ ಕುಡಿಯುವ ನೀರನ್ನು ಎತ್ತುವುದು ನಿಂತೇಹೋಯಿತು. ಎಂಬತ್ತು ವರ್ಷ ನೀರು ಕುಡಿದ ಊರು, ಪಾತ್ರೆಯನ್ನು ತೊಳೆಯದೆ ಹಿಂದಿರುಗಿಸಿತು.

ಆದರೆ ಈ ರಸ್ತೆಯ ಮೇಲೆ ಊರು ಆಚೆಗೆ ಕಳಿಸಿದವರಲ್ಲಿ ಮೊದಲಿಗರು ಯಾರು ಗೊತ್ತೆ? ಊರು ಕಟ್ಟಿದವರ ಮನೆತನವೇ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನ ಬೆಂಗಳೂರನ್ನು ಹಿಡಿದ. ಊರು ಶಹಾಜಿಯ ಕೈಗೆ ಹೋಯಿತು. ಕೆಂಪೇಗೌಡರ ವಂಶದವರು ಗಂಟುಮೂಟೆ ಕಟ್ಟಿ ಪಡುವಣ ದಾರಿ ಹಿಡಿದು ಮಾಗಡಿಗೆ ಹೋದರು. ಅಲ್ಲೇ ಕೋಟೆ, ಅಲ್ಲೇ ಗುಡಿ, ಬೆನ್ನಿಗೆ ಸಾವನದುರ್ಗದ ಹೆಬ್ಬಂಡೆ. ತೊಂಬತ್ತು ವರ್ಷ ಹೀಗೆ ಕಳೆದ ಮೇಲೆ 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಹಿಡಿದರು. ಕೊನೆಯ ಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣುಮುಚ್ಚಿದರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಟಿಪ್ಪುವಿನ ಕೈಯಿಂದ ಕಿತ್ತುಕೊಂಡಿತು. ಒಬ್ಬರಾದ ಮೇಲೊಬ್ಬರು ಹೋದರು, ಬಂದರು. ಜನರ ಬಾಯಲ್ಲಿ ಮಾತ್ರ ಗೌಡರು ಇವತ್ತಿಗೂ ‘ಮಾಗಡಿ ಕೆಂಪೇಗೌಡರು’. ಬೆಂಗಳೂರು ಕಟ್ಟಿದವರ ಹೆಸರಿನ ಹಿಂದೆ ಬೆಂಗಳೂರು ಸೇರಿಕೊಳ್ಳಲಿಲ್ಲ.

ಇದರಲ್ಲಿ ಇನ್ನೊಂದು ಸೋಜಿಗವಿದೆ. ರಸ್ತೆ ಶುರುವಾಗುವ ಕಡೆ ಕೆ.ಪಿ. ಅಗ್ರಹಾರ ಎಂಬ ಕಿಕ್ಕಿರಿದ ಬಡಾವಣೆ ಇದೆ. ಪೊಲೀಸ್ ಠಾಣೆಯ ಸುದ್ದಿಯಲ್ಲಿ ಆಗಾಗ ಹೆಸರು ಬರುವ ಜಾಗ. ಕೆ.ಪಿ. ಎಂದರೆ ಕೆಂಪಾಪುರ. ರಸ್ತೆ ಮುಟ್ಟುವ ತುದಿಯಲ್ಲಿ, ಮಾಗಡಿ ತಾಲ್ಲೂಕಿನಲ್ಲಿ, ಇನ್ನೊಂದು ಕೆಂಪಾಪುರವಿದೆ. ಅಲ್ಲಿನ ಹಳೆಯ ಸಮಾಧಿ ಮಂಟಪವೊಂದರ ಮೇಲಿನ ಬರಹವನ್ನು 2015ರಲ್ಲಿ ಓದಿ, ಹಿರಿಯ ಕೆಂಪೇಗೌಡರು ಕೊನೆಯುಸಿರೆಳೆದ ಸ್ಥಳ ಇದೇ ಎಂದು ಗುರುತಿಸಿದರು. ಎರಡು ಕೆಂಪಾಪುರಗಳನ್ನು ಈ ಒಂದು ರಸ್ತೆ ಜೋಡಿಸುತ್ತದೆ. ಒಂದು ತುದಿಯಲ್ಲಿ ಗೌಡರ ಹೆಸರು ಎರಡಕ್ಷರಕ್ಕೆ ಇಳಿದಿದೆ, ಇನ್ನೊಂದು ತುದಿಯಲ್ಲಿ ಗೌಡರೇ ಮಲಗಿದ್ದಾರೆ. ನಡುವೆ ನಾವು ಹಾರ್ನ್ ಹೊಡೆಯುತ್ತ ಕೂತಿದ್ದೇವೆ.

ಮೆಟ್ರೊ ಬಂದು ಈ ರಸ್ತೆಯ ಹೆಸರಿಗೆ ಹೊಸ ಕಳೆ ಕೊಟ್ಟಿತು. 2015ರ ನವೆಂಬರಿನಲ್ಲಿ ನೇರಳೆ ಮಾರ್ಗದ ಪಶ್ಚಿಮದ ತುಂಡು ಶುರುವಾದಾಗ ರೈಲು ಓಡಿದ್ದು ಮಾಗಡಿ ರಸ್ತೆ ನಿಲ್ದಾಣದಿಂದ ಮೈಸೂರು ರಸ್ತೆ ನಿಲ್ದಾಣಕ್ಕೆ. ಹೊಸದಾಗಿ ಊರಿಗೆ ಬಂದ ನಮ್ಮ ಸಂಬಂಧಿಕರೊಬ್ಬರು ಇದನ್ನು ಕೇಳಿ, ‘ಮಾಗಡಿಯಿಂದ ಮೈಸೂರಿಗೆ ಹತ್ತೇ ನಿಮಿಷವಾ?’ ಎಂದು ಬೆರಗಾದರು. ಆ ರೈಲು ಮಾಗಡಿಯನ್ನೂ ಮುಟ್ಟುವುದಿಲ್ಲ, ಮೈಸೂರನ್ನೂ ಮುಟ್ಟುವುದಿಲ್ಲ. ಎರಡೂ ಊರಿನ ದಾರಿಯನ್ನಷ್ಟೇ ಮುಟ್ಟಿ ಬರುತ್ತದೆ. ಈಗ ಮೂರನೆಯ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ, ಪೂರ್ತಿ ಮಾಗಡಿ ರಸ್ತೆಯ ಮೇಲೇ, 12.5 ಕಿಲೋಮೀಟರ್ ಮಾರ್ಗಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ. ಕಾಲುಭಾಗ ದಾರಿ ಆಯಿತು. ಉಳಿದದ್ದಕ್ಕೆ ಮೊಮ್ಮಕ್ಕಳು ಇದ್ದಾರೆ.

ಮಾಗಡಿಯೂ ಸುಮ್ಮನೆ ಕೂತಿಲ್ಲ, ಕೂತಲ್ಲೇ ಊರೂರು ತಿರುಗುತ್ತಿದೆ. ಮೊದಲು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಹೋಯಿತು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ನಮ್ಮ ರಸ್ತೆ ಬೆಂಗಳೂರಿನಿಂದ ಹೊರಟು, ಐವತ್ತು ಕಿಲೋಮೀಟರ್ ಪಶ್ಚಿಮಕ್ಕೆ ಸಾಗಿ, ಕೊನೆಗೆ ಬೆಂಗಳೂರು ದಕ್ಷಿಣಕ್ಕೆ ಹೋಗಿ ನಿಲ್ಲುತ್ತದೆ. ದಿಕ್ಕು ತಪ್ಪಿದ್ದು ರಸ್ತೆಯಲ್ಲ.

ಇಷ್ಟೆಲ್ಲ ಬರೆಯುವಾಗ 2024ರ ಜುಲೈನಲ್ಲಿ ನಡೆದ ಒಂದು ಘಟನೆ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಇದೇ ರಸ್ತೆಯ ಮಾಲ್ ಒಂದಕ್ಕೆ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದರು. ಪಂಚೆ ಉಟ್ಟಿದ್ದರು. ಪಂಚೆ ಉಟ್ಟವರನ್ನು ಒಳಗೆ ಬಿಡುವುದಿಲ್ಲ ಎಂದು ಬಾಗಿಲಲ್ಲೇ ತಡೆದರು. ಕೈಯಲ್ಲಿ ಟಿಕೆಟ್ಟಿತ್ತು. ಸುದ್ದಿ ಹಬ್ಬಿತು, ಪ್ರತಿಭಟನೆಯಾಯಿತು, ಮಾಲಿನವರು ಕ್ಷಮೆ ಕೇಳಿದರು, ಹಿರಿಯರನ್ನು ಕರೆಸಿ ಸನ್ಮಾನಿಸಿದರು. ವಿಧಾನಸಭೆಯಲ್ಲೂ ಚರ್ಚೆಯಾಗಿ ಸರಕಾರ ಏಳು ದಿನ ಮಾಲ್ ಮುಚ್ಚಿಸಿತು. ಯಜಮಾನರು ಅವತ್ತು ಪತ್ರಿಕೆ ಮಡಿಸಿಟ್ಟು, ‘ನನ್ನ ಬಸ್ಸಲ್ಲಿ ಪಂಚೆ ಉಟ್ಟೋರನ್ನ ಇಳಿಸಿದ್ರೆ ಡ್ರೈವರ್ ಒಬ್ನೇ ಉಳೀತಿದ್ದ’ ಎಂದರು. ಮುಂದೆ ಅವರು ಮಾತಾಡಲಿಲ್ಲ. ಒಳಗೆ ಹೋಗಿ, ಪ್ಯಾಂಟು ಬಿಚ್ಚಿಟ್ಟು, ಪಂಚೆ ಉಟ್ಟುಕೊಂಡು ಬಂದು ಕಟ್ಟೆಯ ಮೇಲೆ ಕೂತರು.

ಅವರ ಮಾತಿನಲ್ಲಿ ಈ ರಸ್ತೆಯ ಚರಿತ್ರೆಯೆಲ್ಲ ಇದೆ. ಮಾಗಡಿ ರಸ್ತೆಯನ್ನು ಅರಸರು ಕಲ್ಲು ನೆಟ್ಟು ಉದ್ಘಾಟಿಸಲಿಲ್ಲ. ರಾಗಿ ಮೂಟೆ, ಹಲಸಿನಹಣ್ಣು, ಅವರೆಕಾಯಿ ಹೇರಿಕೊಂಡು ಬಂದ ಗಾಡಿಗಳ ಚಕ್ರ ಈ ದಾರಿ ಬರೆಯಿತು. ಹಾಗೆ ಬಂದವರನ್ನು ಊರು ಪ್ರತಿ ಕಾಲದಲ್ಲೂ ಬಾಗಿಲಲ್ಲಿ ನಿಲ್ಲಿಸಿದೆ. ಒಂದು ಕಾಲದಲ್ಲಿ ಕೋಟೆಯ ಕಾವಲುಗಾರ ನಿಲ್ಲಿಸಿದ, ಆಮೇಲೆ ಸುಂಕದವನು ನಿಲ್ಲಿಸಿದ, ಈಗ ಮಾಲಿನ ಸೆಕ್ಯುರಿಟಿಯವನು. ಆ ಸೆಕ್ಯುರಿಟಿಯವನನ್ನು ಬೈದು ಫಲವಿಲ್ಲ. ಅವನ ಅಪ್ಪನೂ ಊರಲ್ಲಿ ಪಂಚೆಯನ್ನೇ ಉಟ್ಟಿರುತ್ತಾನೆ, ಬಾಗಿಲಿಗೆ ನಿಲ್ಲುವ ಸಂಬಳಕ್ಕಾಗಿ ಮಗ ಸಮವಸ್ತ್ರ ತೊಟ್ಟಿರುತ್ತಾನೆ.

ಆದ್ದರಿಂದ ಈ ರಸ್ತೆಯ ಬಳಕೆದಾರರಲ್ಲಿ ನನ್ನದೊಂದು ಅರಿಕೆ. ಟೋಲ್‌ಗೇಟಿನಲ್ಲೋ ಸುಮನಹಳ್ಳಿಯಲ್ಲೋ ಪಂಚೆ ಉಟ್ಟ ಹಿರಿಯರೊಬ್ಬರು ಚೀಲ ಹಿಡಿದು ರಸ್ತೆ ದಾಟಲು ನಿಂತಿದ್ದರೆ ಹಾರ್ನ್ ಹೊಡೆಯಬೇಡಿ. ಗಾಡಿ ನಿಲ್ಲಿಸಿ ಅವರಿಗೆ ದಾರಿ ಬಿಡಿ. ಈ ದಾರಿ ಮೊದಲು ಅವರದು, ಆಮೇಲೆ ನಮ್ಮದು.